ಇಪ್ಪತ್ತೆಂಟನೇ ದಿನದ ಸಹಿ

ಸಿವಿಲ್ ಎಂಜಿನಿಯರಾಗಿ ನಾನು ಸೇರಿದ ಮೊದಲ ಕೆಲಸದಲ್ಲಿ ಸಂಬಳ ಕಡಿಮೆಯೇನೂ ಇರಲಿಲ್ಲ, ಮೇಲಿನವರು ಸಿಡುಕುವವರೂ ಆಗಿರಲಿಲ್ಲ. ಆದರೂ ಭಾನುವಾರ ಸಂಜೆಯಾಗುತ್ತಿದ್ದಂತೆ ಮನಸ್ಸು ಮಂಕಾಗುತ್ತಿತ್ತು. ಸೈಟಿನ ಬಿಸಿಲು, ಧೂಳು, ದೂರದ ಪ್ರಯಾಣ ಎಂದು ನೆಪಗಳನ್ನು ಹುಡುಕಿಕೊಂಡಿದ್ದೆ. ನಿಜವಾದ ಕಾರಣ ಕ್ಯೂಬ್ ರಿಜಿಸ್ಟರಿನಲ್ಲಿತ್ತು.

ಕಾಂಕ್ರೀಟ್ ಹಾಕುವ ದಿನ ಅದೇ ಮಿಶ್ರಣದಿಂದ 150 ಮಿಲಿಮೀಟರಿನ ಘನಾಕಾರದ ಅಚ್ಚುಗಳನ್ನು ತುಂಬಿ, ಮರುದಿನ ಬಿಚ್ಚಿ, ಸಿಕ್ಕ ಕ್ಯೂಬುಗಳನ್ನು ನೀರಿನಲ್ಲಿಟ್ಟು, 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆದು ನೋಡಬೇಕು. ಎಂ25 ಕಾಂಕ್ರೀಟಾದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳುವುದೇ ಎಂಬುದು ಪ್ರಶ್ನೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ 16ರಿಂದ 30 ಘನಮೀಟರ್ ಕಾಂಕ್ರೀಟಿಗೆ 3 ಮಾದರಿ, ಒಂದೊಂದು ಮಾದರಿಗೆ 3 ಕ್ಯೂಬು. ನಮ್ಮಲ್ಲಿ ಈ ಒಂಬತ್ತೂ ಕ್ಯೂಬುಗಳನ್ನು ಗೋದಾಮಿನ ಹಿಂದೆ, ಸಿಮೆಂಟು ಹೆಚ್ಚಿಗೆ ಬೆರೆಸಿ, ಬೇರೆಯಾಗಿಯೇ ಮಾಡುತ್ತಿದ್ದರು. ಫಲಿತಾಂಶ ಒಂದು ಸಲವೂ ಕೆಟ್ಟದ್ದಿಲ್ಲ. ಕೆಳಗೆ ನನ್ನ ಸಹಿ.

ಯಾವ ಛಾವಣಿಯೂ ಬೀಳಲಿಲ್ಲ. ಪ್ರಾಯಶಃ ಆ ಕಾಂಕ್ರೀಟು ಗಟ್ಟಿಯಾಗಿಯೇ ಇದ್ದಿರಬಹುದು. ಆದರೆ ಅದು ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಬರೆದುಕೊಟ್ಟಿದ್ದೆ. ನಾಲ್ಕು ವರ್ಷ ಓದಿ ಕಲಿತ ವಿದ್ಯೆಗೆ ಅಲ್ಲಿ ಕೆಲಸವೇ ಇರಲಿಲ್ಲ, ಬೇಕಾಗಿದ್ದದ್ದು ನನ್ನ ಹೆಸರು ಮಾತ್ರ. ವೃತ್ತಿಯ ಸಂತೋಷ ಸಂಬಳ, ರಜೆ, ಸಹೋದ್ಯೋಗಿಗಳ ಸ್ನೇಹದಿಂದ ಬರುತ್ತದೆ ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಇವೆಲ್ಲ ಇದ್ದೂ ಅದು ಹೇಗೆ ಸೋರಿಹೋಗುತ್ತದೆ ಎಂಬುದನ್ನಷ್ಟೇ ನಾನು ಕಂಡಿದ್ದೇನೆ.

ಆ ಕಚೇರಿಯ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕವಿತ್ತು (ಯಾವ ಕಚೇರಿಯಲ್ಲಿಲ್ಲ!). 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದ ಕಥೆಯೂ ಕಾಯಕದ ಕಥೆಯೇ. ಫಲಕ ಮಾಡಿಸುವವರು ಅದನ್ನು ಬರೆಸುವುದಿಲ್ಲ.

ಎರಡನೇ ಕೆಲಸಕ್ಕೆ ಕಡಿಮೆ ಸಂಬಳಕ್ಕೇ ಸೇರಿದೆ. ಮೂರನೇ ತಿಂಗಳಲ್ಲಿ ಎಂ25ರ ಒಂದು ಮಾದರಿ 19ಕ್ಕೇ ಒಡೆಯಿತು, ಹಾಗೆಯೇ ಬರೆದೆ. ಸ್ಲ್ಯಾಬಿನಿಂದಲೇ ಕೋರ್, ಅಂದರೆ ಉರುಳೆಯಾಕಾರದ ತುಂಡು, ಕೊರೆದು ತೆಗೆಸಿ ಮತ್ತೆ ಪರೀಕ್ಷಿಸುವವರೆಗೆ ಕೆಲಸ ನಿಂತಿತು, ಕಾಂಟ್ರ್ಯಾಕ್ಟರ್ ವಾರವಿಡೀ ನನ್ನೊಂದಿಗೆ ಮಾತಾಡಲಿಲ್ಲ. ಅದು ಸುಖದ ವಾರವೇನಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿತ್ತು. ಈಗ ಅಚ್ಚು ತುಂಬುವ ಹೊತ್ತಿಗೆ ಮೇಸ್ತ್ರಿಯೇ, “ಸಾರ್, ಯಾವ ಲೋಡಿಂದ ತಗೊಳ್ಳೋಣ?” ಎಂದು ಕೂಗಿ ಕೇಳುತ್ತಾನೆ.