ಉರಿಮರಳಿನ ದಂಡೆಯಲ್ಲಿ ಒಬ್ಬ ಶಿಷ್ಯ

ಎಂ.ಎ. ಮೊದಲ ವರ್ಷದಲ್ಲಿ ನಮಗೆ ಇಟಲಿಯ ಕವಿ ಡಾಂಟೆಯ ‘ಡಿವೈನ್ ಕಾಮೆಡಿ’ಯ ಮೊದಲ ಭಾಗ, ಕವಿ ತಾನೇ ನರಕದೊಳಗೆ ಇಳಿದುಹೋಗುವ ಕಥೆಯಾದ ‘ಇನ್‌ಫರ್ನೋ’ ಪಠ್ಯವಾಗಿತ್ತು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನ ಆರಂಭದಲ್ಲಿ ನಮಿಸುವ ಮಹಾಕವಿಗಳ ಸಾಲಿನಲ್ಲಿ ಆ ಹೆಸರನ್ನು ಕಂಡಿದ್ದೆವೇ ಹೊರತು ಅದರಾಚೆಗೆ ನಮಗೇನೂ ತಿಳಿದಿರಲಿಲ್ಲ. ಮೇಷ್ಟ್ರು ಮೊದಲ ದಿನ ಕಪ್ಪುಹಲಗೆಯ ಮೇಲೆ ದೊಡ್ಡದೊಂದು ಆಲಿಕೆಯ ಚಿತ್ರ ಬರೆದು, ಒಂಬತ್ತು ಅಡ್ಡಗೆರೆ ಎಳೆದು, ತೀರ ಕೆಳಗಿನ ತುದಿಯಲ್ಲಿ ‘ಹಿಮ’ ಎಂದು ಬರೆದರು. ನರಕದ ತಳದಲ್ಲಿ ಬೆಂಕಿ ಇರಬೇಕಲ್ಲವೇ ಸರ್ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. “ಅಲ್ಲಿರುವವರು ನಂಬಿಸಿ ಕುತ್ತಿಗೆ ಕೊಯ್ದವರು. ಅವರ ಎದೆಯಲ್ಲಿ ಬಿಸಿ ಎಲ್ಲಿಂದ ಬರಬೇಕಪ್ಪಾ?” ಎಂದರು.

ಅಲಿಗರಿ ಎಂಬ ಶಬ್ದಕ್ಕೆ ಅವರು ‘ಅನ್ಯೋಕ್ತಿ’ ಎನ್ನದೆ ‘ಒಳಗಥೆ’ ಎನ್ನುತ್ತಿದ್ದರು. ಕತ್ತಲ ಕಾಡಿನಲ್ಲಿ ದಾರಿ ತಪ್ಪಿದ ಕವಿಯನ್ನು ಚಿರತೆ, ಸಿಂಹ, ಹೆಣ್ಣುತೋಳಗಳು ಅಡ್ಡಗಟ್ಟುವ ಮೊದಲ ಸರ್ಗವನ್ನು ಓದುವಾಗ, ಒಂದೊಂದು ಮೃಗಕ್ಕೆ ಒಂದೊಂದು ಪಾಪದ ಚೀಟಿ ಅಂಟಿಸುವ ಗೈಡುಗಳನ್ನು ನಾವು ತೆರೆಯುವುದು ಅವರಿಗೆ ಇಷ್ಟವಿರಲಿಲ್ಲ. ನರಕದಲ್ಲಿ ಡಾಂಟೆಗೆ ದಾರಿ ತೋರುವ ವರ್ಜಿಲನೆಂದರೆ ವಿವೇಕ ಎಂದು ಬರೆದು ಮುಗಿಸಿಬಿಟ್ಟರೆ, ಶಿಷ್ಯನ ಕೈ ಹಿಡಿದು ಧೈರ್ಯ ತುಂಬುವ, ಒಮ್ಮೊಮ್ಮೆ ತಾನೇ ಕಳವಳಗೊಳ್ಳುವ ಆ ರೋಮನ್ ಕವಿ ಎಲ್ಲಿ ಹೋದ ಎಂದು ಕೇಳುತ್ತಿದ್ದರು. ಆ ಕಾಲದ ಎಷ್ಟೋ ಒಳಗಥೆಗಳಲ್ಲಿ ಲೋಭ, ಮದ ಮುಂತಾದ ಗುಣಗಳೇ ವೇಷ ತೊಟ್ಟು ನಡೆದಾಡುತ್ತಿದ್ದರೆ, ಡಾಂಟೆಯ ನರಕದಲ್ಲಿ ಸಿಗುವವರಲ್ಲಿ ಹೆಚ್ಚಿನವರು ಹೆಸರು, ಊರು, ಮನೆತನಗಳಿರುವ ಮನುಷ್ಯರು, ಅವನದೇ ಫ್ಲಾರೆನ್ಸ್‌ನ ನೆರೆಹೊರೆಯವರು ಕೂಡ.

ಮೊದಲ ಕಿರುಪರೀಕ್ಷೆಯಲ್ಲಿ ನಾನು, ಪಾಪಕ್ಕೆ ತಕ್ಕ ಶಿಕ್ಷೆಗೆ ಡಾಂಟೆ ಬಳಸುವ ‘ಕೊಂತ್ರಪಾಸ್ಸೊ’ ಎಂಬ ಪದವೆಂದರೆ ಕಣ್ಣಿಗೆ ಕಣ್ಣು ಎಂಬ ನ್ಯಾಯ ಎಂದು ಬರೆದಿದ್ದೆ. ಉತ್ತರಪತ್ರಿಕೆ ಮರಳಿ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಸಾಲಿತ್ತು: “ಫ್ರಾಂಚೆಸ್ಕಾ ಯಾರ ಕಣ್ಣು ಕಿತ್ತಿದ್ದಳು?” ಆ ಪದ ಇಡೀ ಕಾವ್ಯದಲ್ಲಿ ಬರುವುದು ಒಮ್ಮೆ ಮಾತ್ರ, ಅದೂ ಇಪ್ಪತ್ತೆಂಟನೆಯ ಸರ್ಗದ ಕೊನೆಯ ಸಾಲಿನಲ್ಲಿ. ತಂದೆಯ ಮೇಲೆ ಮಗನನ್ನು ಎತ್ತಿಕಟ್ಟಿದ ಬೆರ್ತ್ರಾನ್ ದ ಬಾರ್ನ್ ತನ್ನದೇ ಕಡಿದ ತಲೆಯನ್ನು ಕೂದಲು ಹಿಡಿದು ಲಾಂದ್ರದಂತೆ ತೂಗಾಡಿಸುತ್ತಾ ಬಂದು ಆ ಮಾತನ್ನು ಹೇಳುತ್ತಾನೆ. ಅಲ್ಲಿ ಲೆಕ್ಕ ನೇರವಾಗಿದೆ, ಆದರೆ ಐದನೆಯ ಸರ್ಗದ ಫ್ರಾಂಚೆಸ್ಕಾಳನ್ನು ಬಿರುಗಾಳಿ ಹೊತ್ತು ತಿರುಗಿಸುವುದು ಯಾವ ಏಟಿಗೂ ಮರು ಏಟಲ್ಲ. ಬದುಕಿದ್ದಾಗ ಬಯಕೆಯ ಸೆಳೆತಕ್ಕೆ ತನ್ನನ್ನು ಒಪ್ಪಿಸಿಕೊಂಡವಳು ಸತ್ತ ಮೇಲೂ ಹಾಗೆಯೇ ಹಾರುತ್ತಿದ್ದಾಳೆ, ನಿಲ್ಲುವ ಸ್ವಾತಂತ್ರ್ಯವೊಂದು ಮಾತ್ರ ಇಲ್ಲ. ಶಿಕ್ಷೆಯೆಂಬುದು ಹೊರಗಿನಿಂದ ಬಂದು ಬೀಳುವುದಲ್ಲ, ಪಾಪವೇ ತೆರೆ ಸರಿಸಿ ಕಾಣಿಸಿಕೊಳ್ಳುವುದು ಎಂದು ನನಗೆ ಹೊಳೆದದ್ದು ಆ ಕೆಂಪು ಸಾಲಿನ ನಂತರವೇ.

ನಮ್ಮ ಯಮಸಭೆಯ ಚಿತ್ರಗುಪ್ತನ ಕಡತದಂಥದ್ದು ಡಾಂಟೆಯ ನರಕದಲ್ಲಿ ತೀರ್ಪು ಕೊಡುವ ಮಿನೋಸ್‌ನ ಬಳಿ ಇಲ್ಲ. ಎದುರು ಬಂದ ಜೀವ ತಾನಾಗಿಯೇ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ. ಅವನು ತನ್ನ ಬಾಲವನ್ನು ಮೈಗೆ ಎಷ್ಟು ಸುತ್ತು ಸುತ್ತಿಕೊಳ್ಳುತ್ತಾನೋ ಅಷ್ಟನೆಯ ವೃತ್ತಕ್ಕೆ ಅದು ಇಳಿಯಬೇಕು. ಡಾಂಟೆಗೆ ನೂರು ವರ್ಷ ಮೊದಲೇ, 1209ರಲ್ಲಿ, ಜನ್ನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿ ಮಗನನ್ನು ಜನ್ಮದಿಂದ ಜನ್ಮಕ್ಕೆ ಅಲೆಸಿದ್ದನ್ನು ಮೇಷ್ಟ್ರು ಇಲ್ಲಿ ನೆನಪಿಸಿದರು. ಅಲೆದವರಿಗೆ ಬಿಡುಗಡೆಯ ದಾರಿಯಿದೆ, ಡಾಂಟೆಯ ನರಕದಲ್ಲಿ ನಿಂತವರಿಗೆ ಅದಿಲ್ಲ.

ಇವೆಲ್ಲಕ್ಕಿಂತ ನನ್ನಲ್ಲಿ ಆಳವಾಗಿ ಉಳಿದದ್ದು ಹದಿನೈದನೆಯ ಸರ್ಗದ ಪಾಠ. ಬೆಂಕಿಯ ಮಳೆ ಸುರಿಯುವ ಮರಳಿನ ಬಯಲಲ್ಲಿ ಓಡುತ್ತಿರುವ ಗುಂಪೊಂದು, ಮುದಿ ದರ್ಜಿ ಸೂಜಿಯ ಕಣ್ಣನ್ನು ನೋಡುವಂತೆ ಹುಬ್ಬು ಕಿರಿದು ಮಾಡಿ ದಂಡೆಯ ಮೇಲಿನ ಡಾಂಟೆ, ವರ್ಜಿಲರನ್ನು ದಿಟ್ಟಿಸುತ್ತದೆ. ಅವರಲ್ಲೊಬ್ಬ ಡಾಂಟೆಯ ನಿಲುವಂಗಿಯ ಅಂಚನ್ನು ಹಿಡಿಯುತ್ತಾನೆ. ಮುಖ ಸುಟ್ಟು ಕರಕಾಗಿದ್ದರೂ ಶಿಷ್ಯ ಗುರುತು ಹಿಡಿಯುತ್ತಾನೆ: ಮನುಷ್ಯ ಹೇಗೆ ಅಮರನಾಗುತ್ತಾನೆಂದು ತನಗೆ ಕಲಿಸಿದ ಬ್ರುನೆತ್ತೊ ಲತೀನಿ. ನಿಂತರೆ ಗುರುವಿಗೆ ನೂರು ವರ್ಷ ಉರಿಯಲ್ಲಿ ಅಲ್ಲಾಡದೆ ಬಿದ್ದಿರುವ ಶಿಕ್ಷೆ, ಕೆಳಗಿಳಿದರೆ ಶಿಷ್ಯ ಸುಟ್ಟುಹೋಗುತ್ತಾನೆ. ಹೀಗಾಗಿ ಒಬ್ಬ ದಂಡೆಯ ಮೇಲೆ, ಇನ್ನೊಬ್ಬ ಮರಳಿನ ಮೇಲೆ, ಮಾತಾಡುತ್ತಾ ನಡೆಯುತ್ತಾರೆ. ಮೇಲಿರುವವನು ಪೂಜ್ಯರೊಡನೆ ನಡೆಯುವವನಂತೆ ತಲೆ ತಗ್ಗಿಸಿಯೇ ಇರುತ್ತಾನೆ. ಕಥೆ ನಡೆಯುವುದು 1300ರಲ್ಲಿ. 1302ರಲ್ಲಿ ಡಾಂಟೆಗೆ ಬರಲಿರುವ ಗಡೀಪಾರಿನ ಸುಳಿವನ್ನು ಕೊಡುವವರಲ್ಲಿ ಈ ಗುರುವೂ ಒಬ್ಬ.

ಇಲ್ಲಿ ಶಿಷ್ಯ ಆಡುವ ಮೊದಲ ಮಾತನ್ನು ಕನ್ನಡಕ್ಕೆ ತರಲು ಮೇಷ್ಟ್ರು ಹೇಳಿದರು. ನಮ್ಮ ಕೈಯಲ್ಲಿದ್ದ ಇಂಗ್ಲಿಷ್ ಅನುವಾದದಿಂದ ನಾನು “ನೀನು ಇಲ್ಲಿರುವೆಯಾ, ಬ್ರುನೆತ್ತೊ?” ಎಂದು ಮಾಡಿದ್ದೆ. ಇಟಾಲಿಯನ್ ಮೂಲದಲ್ಲಿ ಡಾಂಟೆ ವರ್ಜಿಲನಿಗೂ ಏಕವಚನವನ್ನೇ ಬಳಸುತ್ತಾನೆ, ಬಹುವಚನದ ಮರ್ಯಾದೆಯನ್ನು ನರಕದಲ್ಲಿ ತೀರ ಕೆಲವರಿಗಷ್ಟೇ ಕೊಡುತ್ತಾನೆ, ಅವರಲ್ಲಿ ಇವನೊಬ್ಬ ಎಂದು ಅವರು ತಿಳಿಸಿದರು. “ಇಂಗ್ಲಿಷಿನವರಿಗೆ ಆ ಸೌಕರ್ಯವಿಲ್ಲ, ನಿನಗೆ ಏನಾಗಿತ್ತು?” ಎಂದು ನನ್ನ ಹಾಳೆಯ ಮೇಲೆ ‘ನೀನು’ ಹೊಡೆದುಹಾಕಿ, ‘ನೀವು ಇಲ್ಲಿದ್ದೀರಾ, ಸೆರ್ ಬ್ರುನೆತ್ತೊ?’ ಎಂದು ತಿದ್ದಿದರು.

ಅಷ್ಟು ಗೌರವವಿದ್ದವನು ಗುರುವನ್ನು ಅಲ್ಲಿಗೆ ಹಾಕಿದ್ದಾದರೂ ಏಕೆಂದು ನಾನು ಕೇಳಿದೆ. ಶಿಕ್ಷೆ ಬರೆದವನೂ ತಲೆ ತಗ್ಗಿಸಿ ನಡೆದವನೂ ಒಬ್ಬನೇ, ಅವರಿಬ್ಬರನ್ನೂ ರಾಜಿ ಮಾಡಿಸುವುದು ನನ್ನ ಕೆಲಸವಲ್ಲ ಎಂದು ಹೇಳಿ ಸರ್ಗದ ಕೊನೆಯನ್ನು ಓದಿದರು: ವೆರೋನಾದ ಬಯಲಿನಲ್ಲಿ ಹಸಿರು ಬಟ್ಟೆಯ ಬಹುಮಾನಕ್ಕಾಗಿ ಓಡುವವರಂತೆ ಬ್ರುನೆತ್ತೊ ತನ್ನ ಗುಂಪಿನ ಹಿಂದೆ ಓಡುತ್ತಾನೆ, ಸೋತವನಂತಲ್ಲ, ಗೆದ್ದವನಂತೆ. ಗಂಟೆ ಹೊಡೆಯಿತು, ಅವರು ಹಲಗೆ ಒರೆಸದೆಯೇ ಹೊರಟುಹೋದರು.