ಎರಡು ಕತ್ತಿಯ ಕೆಂಚ

ಭಾನುವಾರ ರಾತ್ರಿ ಒಂಬತ್ತೂವರೆಗೆ ನಾನು ಹೆಡ್‌ಫೋನ್ ಹಾಕಿಕೊಂಡು ಕೂತರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ. "ಶುರುವಾಯ್ತಾ ನಿನ್ನ ಕತ್ತಿ ಪುರಾಣ? ಮೆತ್ತಗೆ ಮಾತಾಡೋ, ಪಕ್ಕದ ಮನೆಯವರು ಏನಂದ್ಕೊಂಡಾರು" ಎನ್ನುತ್ತಾರೆ. ಹಗಲು ಹಾಸನದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ವಾರಕ್ಕೊಂದು ರಾತ್ರಿ ಹಳೆಯ ಹಾಸ್ಟೆಲ್ ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಒಬ್ಬ ಪುಣೆಯಲ್ಲಿದ್ದಾನೆ, ಒಬ್ಬ ಡಬ್ಲಿನ್‌ನಲ್ಲಿ, ಉಳಿದವರು ಬೆಂಗಳೂರಿನ ಟ್ರಾಫಿಕ್‌ನಲ್ಲಿ.

ನನ್ನ ಪಾತ್ರದ ಹೆಸರು ಕೆಂಚ. ಜಾತಿ ವುಡ್ ಎಲ್ಫ್, ಅಂದರೆ ಕಾಡಿನ ಚೂಪುಗಿವಿಯವನು. ಕಸುಬು ರೇಂಜರ್, ಅಂದರೆ ಕಾಡು ಬಲ್ಲ ಬೇಟೆಗಾರ ಯೋಧ. ಎರಡೂ ಕೈಯಲ್ಲಿ ಕತ್ತಿ. ಎಲ್ಫ್‌ಗೆ ಕೆಂಚ ಅಂತ ಯಾರಾದ್ರೂ ಹೆಸರಿಡ್ತಾರಾ ಅಂತ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೇಳಿದ. ಕೂದಲು ಕೆಂಚಗಿದೆ ಮಗಾ, ಇನ್ನೇನು ಇಡ್ಲಿ ಅಂದೆ.

ರೇಂಜರ್ ಅಂದರೆ ಎರಡು ಕತ್ತಿ ಎಂಬ ಕಲ್ಪನೆ ಈ ಆಟದಲ್ಲಿ ಹಳೆಯದು. 1989ರ ಎರಡನೇ ಆವೃತ್ತಿಯಲ್ಲೇ ಹಗುರ ಕವಚ ತೊಟ್ಟ ರೇಂಜರ್ ಗುರಿಯಲ್ಲಿ ಯಾವ ಕಡಿತವೂ ಇಲ್ಲದೆ ಎರಡು ಆಯುಧ ಬೀಸಬಹುದಿತ್ತು. ನಾವು ಶುರು ಮಾಡಿದ್ದು ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ. ಅಲ್ಲಿ ಕೆಂಚ ನೋಡೋಕೆ ಚೆನ್ನಾಗಿದ್ದ. ಹೊಡೆತ ಮಾತ್ರ ಅಷ್ಟಕ್ಕಷ್ಟೆ.

ಕಾರಣ ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು. ಒಂದು ಸರದಿಯಲ್ಲಿ ನಿಮಗೆ ಒಂದು ಆಕ್ಷನ್, ಒಂದು ಬೋನಸ್ ಆಕ್ಷನ್. ಬಲಗೈ ಕತ್ತಿ ಆಕ್ಷನ್‌ನಲ್ಲಿ, ಎಡಗೈ ಕತ್ತಿ ಬೋನಸ್ ಆಕ್ಷನ್‌ನಲ್ಲಿ. ಸರಿ. ಆದರೆ ರೇಂಜರ್‌ನ ಮುಖ್ಯ ಮಂತ್ರ ಹಂಟರ್ಸ್ ಮಾರ್ಕ್, ಅಂದರೆ ಒಬ್ಬ ಶತ್ರುವಿಗೆ ಗುರುತು ಹಾಕಿ ಅವನ ಮೇಲಿನ ಪ್ರತಿ ಏಟನ್ನೂ ಜೋರು ಮಾಡುವುದು. ಅದನ್ನು ಹಾಕೋಕೂ ಬೋನಸ್ ಆಕ್ಷನ್ ಬೇಕು. ಗುರುತು ಹಾಕಿದ ಶತ್ರು ಸತ್ತರೆ ಅದನ್ನು ಇನ್ನೊಬ್ಬನ ಮೇಲೆ ಸರಿಸೋಕೂ ಅದೇ. ನಮ್ಮ ಹಾಸ್ಟೆಲ್ ಮಹಡಿಯಲ್ಲಿ ಒಂದೇ ಬಚ್ಚಲುಮನೆ ಇತ್ತು. ಬೆಳಗ್ಗೆ ಏಳಕ್ಕೆ ಬಕೆಟ್ ಹಿಡಿದು ಹದಿನಾಲ್ಕು ಜನ ನಿಂತಿರುತ್ತಿದ್ದರು. ರೇಂಜರ್‌ನ ಬೋನಸ್ ಆಕ್ಷನ್ ಮುಂದೆ ನಿಂತಿದ್ದ ಸಾಲೂ ಅದೇ.

ಒಂದು ದಿನ ಉತ್ತರ ಪತ್ರಿಕೆ ತಿದ್ದುವುದು ಬಿಟ್ಟು ಅದರ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಐದನೇ ಲೆವೆಲ್ (ಆಗ ಒಂದೇ ಆಕ್ಷನ್‌ನಲ್ಲಿ ಬಲಗೈಗೆ ಎರಡು ಏಟು), ಡೆಕ್ಸ್‌ಟೆರಿಟಿ ಅಂದರೆ ಚುರುಕುತನ 18 ಅಂದುಕೊಳ್ಳಿ. ಶಾರ್ಟ್‌ಸ್ವೋರ್ಡ್ ಎಂಬ ಗಿಡ್ಡ ಕತ್ತಿಯ ಏಟಿಗೆ ಒಂದು ಡಿ6 (ಆರು ಮುಖದ ದಾಳ), ಮೇಲೆ ಆ 18ರಿಂದ ಸಿಗುವ 4. ಸರಾಸರಿ 7.5. ಎರಡನೇ ಲೆವೆಲ್‌ನಲ್ಲಿ ಟೂ ವೆಪನ್ ಫೈಟಿಂಗ್ ಸ್ಟೈಲ್ ತೆಗೆದುಕೊಂಡಿದ್ದರೆ ಎಡಗೈಗೂ ಆ 4 ಸೇರುತ್ತದೆ. ತೆಗೆದುಕೊಳ್ಳದಿದ್ದರೆ ಎರಡು ಕತ್ತಿ ಹಿಡಿಯಲೇಬೇಡಿ, ಸುಮ್ನೆ ಬಿಲ್ಲು ಹಿಡಿಯಿರಿ. ಮೂರು ಏಟೂ ತಗುಲಿದರೆ 22.5. ಈಗ ಮೊದಲ ಸರದಿಯಲ್ಲೇ ಮಾರ್ಕ್ ಹಾಕಿದಿರಿ ಅನ್ನೋಣ. ಬೋನಸ್ ಆಕ್ಷನ್ ಅದಕ್ಕೆ ಹೋಯಿತು, ಏಟು ಎರಡೇ. ಆದರೆ ಪ್ರತಿ ಏಟಿಗೆ ಇನ್ನೊಂದು ಡಿ6, ಅಂದರೆ 11ರಂತೆ 22.

22.5 ಮತ್ತು 22. ಮಂತ್ರ ಖರ್ಚು ಮಾಡಿದ ಮೇಲೂ ಅರ್ಧ ಅಂಕ ನಷ್ಟ! ಲಾಭ ಬರುವುದು ಎರಡನೇ ಸರದಿಯಿಂದ. ಆಗ ಮೂರು ಏಟಿಗೆ 33. ಅಂದರೆ ಶತ್ರು ಎರಡನೇ ಸರದಿಗೂ ಬದುಕಿರಬೇಕು. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಹಿಂಡು ಬಂದಾಗಲೆಲ್ಲ ನಾನು ಮಾರ್ಕ್ ಹಾಕುತ್ತಿದ್ದೆ. ಗಾಬ್ಲಿನ್ ಒಂದೇ ಏಟಿಗೆ ಸಾಯುತ್ತಿತ್ತು. ಮತ್ತೆ ಸರಿಸುತ್ತಿದ್ದೆ. ಇಡೀ ಕಾಳಗದಲ್ಲಿ ಎಡಗೈ ಕತ್ತಿ ಒಮ್ಮೆಯೂ ಬೀಸಲಿಲ್ಲ. ಟ್ರೋಲ್, ಓಗರ್‌ನಂಥ ದೈತ್ಯರಿಗೆ ಮಾರ್ಕ್. ಗಾಬ್ಲಿನ್‌ಗೆ ಕತ್ತಿ ಸಾಕು.

ಇನ್ನೊಂದು ತಪ್ಪಂತೂ ಪೂರ್ತಿ ಆಸೆಯಿಂದ ಮಾಡಿದ್ದು. ನಾಲ್ಕನೇ ಲೆವೆಲ್‌ನಲ್ಲಿ ಡ್ಯುಯಲ್ ವೀಲ್ಡರ್ ಎಂಬ ಫೀಟ್ (ವಿಶೇಷ ಕೌಶಲ) ತೆಗೆದುಕೊಂಡೆ. ಎರಡು ರೇಪಿಯರ್ (ತೆಳ್ಳನೆ ಉದ್ದ ಕತ್ತಿ) ಹಿಡಿಯಬಹುದು, ಡಿ6 ಬದಲು ಡಿ8, ಜೊತೆಗೆ ಏಟಿನಿಂದ ಕಾಯುವ ಅಂಕ, ಅಂದರೆ ಎಸಿ, ಒಂದು ಜಾಸ್ತಿ. ಚಿತ್ರ ಕಣ್ಣಮುಂದೆ ಬಂತು, ಬುದ್ಧಿ ಹಿಂದೆ ಸರಿಯಿತು. ನನ್ನ ಡೆಕ್ಸ್ ಆಗ 17, ಅಂದರೆ ಸೇರುವುದು 3. ಡಿ8ರ ಸರಾಸರಿ 4.5, ಕೂಡಿದರೆ 7.5. ಫೀಟ್ ಬಿಟ್ಟು, ಅದರ ಬದಲು ಸಿಗುವ ಎರಡು ಅಂಕದಲ್ಲಿ ಒಂದರಿಂದ ಡೆಕ್ಸ್ 18 ಮಾಡಿಕೊಂಡು ಹಳೆಯ ಶಾರ್ಟ್‌ಸ್ವೋರ್ಡ್‌ನಲ್ಲೇ ಇದ್ದಿದ್ದರೂ 7.5. ಹಗುರ ಕವಚವಾದ್ದರಿಂದ ಎಸಿ ಕೂಡ ಅಷ್ಟೇ ಏರುತ್ತಿತ್ತು. ಜೊತೆಗೆ ಗುರಿಗೆ +1, ಇನಿಷಿಯೇಟಿವ್‌ಗೆ (ಯಾರ ಸರದಿ ಮೊದಲು ಎಂಬುದಕ್ಕೆ) +1, ಇನ್ನೆಲ್ಲಾದರೂ ಹಾಕಿಕೊಳ್ಳಲು ಒಂದು ಅಂಕ ಉಳಿಯುತ್ತಿತ್ತು. ಮಕ್ಕಳಿಗೆ "ಲೆಕ್ಕ ಮಾಡಿ ನೋಡಿ, ಊಹೆ ಮಾಡಬೇಡಿ" ಅಂತ ದಿನಾ ಹೇಳುವವನು ನಾನೇ.

ಅದಕ್ಕೂ ಮುಂಚೆ, ಮೂರನೇ ಲೆವೆಲ್‌ನಲ್ಲಿ, ಹಗ್ಗದ ಸೇತುವೆಯ ಪ್ರಸಂಗ. ನಮ್ಮ ಕ್ಲೆರಿಕ್, ಅಂದರೆ ಪೂಜಾರಿಣಿ ಪಾತ್ರ, ಬಿದ್ದಿದ್ದಾಳೆ. ನಾನು ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಮಂತ್ರ ಹಾಕಬೇಕು. ಅದಕ್ಕೆ ಕೈ ಖಾಲಿ ಇರಬೇಕು, ಎರಡರಲ್ಲೂ ಕತ್ತಿ. (ಹಂಟರ್ಸ್ ಮಾರ್ಕ್‌ಗೆ ಬಾಯಿ ಮಾತು ಸಾಕು, ಹಾಗಾಗಿ ಈ ಕಷ್ಟ ಮೊದಲು ಗೊತ್ತೇ ಆಗಿರಲಿಲ್ಲ.) ಒಂದು ಕತ್ತಿಯನ್ನು ಪುಕ್ಕಟೆಯಾಗಿ ಒರೆಗೆ ಹಾಕಬಹುದಿತ್ತು. ಗಾಬರಿಯಲ್ಲಿ "ಕತ್ತಿ ಬಿಸಾಕ್ತೀನಿ" ಅಂದೆ. ಡಿಎಂ ಎರಡು ಸೆಕೆಂಡ್ ಸುಮ್ಮನಿದ್ದ. "ಎಲ್ಲಿ ನಿಂತಿದ್ದೀಯ ನೆನಪಿದೆಯಾ ಮಗಾ?" ಅಂದ. ಕತ್ತಿ ಹೊಳೆ ಪಾಲಾಯಿತು.

2024ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮಗಳ ಪುಸ್ತಕ, ಪ್ಲೇಯರ್ಸ್ ಹ್ಯಾಂಡ್‌ಬುಕ್, ಬಂತು. ಸ್ವಲ್ಪ ದಿನದ ಮೇಲೆ ನಾವೂ ಅದಕ್ಕೆ ಬದಲಾದೆವು, ಕೆಂಚನನ್ನು ಮೊದಲಿಂದ ಕಟ್ಟಿದೆ. ಡೆಕ್ಸ್ 15, ಗೈಡ್ ಎಂಬ ಹಿನ್ನೆಲೆಯಿಂದ (ಪಾತ್ರದ ಹಳೆಯ ಬದುಕು) 2 ಸೇರಿ 17. ವಿಸ್ಡಮ್ (ವಿವೇಕ) 13ಕ್ಕೆ 1 ಸೇರಿ 14. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14. ಕರಿಸ್ಮಾ 8, ಏಕೆಂದರೆ ಮಾತಾಡೋಕೆ ಬೇರೆಯವರಿದ್ದಾರೆ.

ಆಟ ಬದಲಿಸಿದ್ದು ನಿಕ್ ಎಂಬ ಪುಟ್ಟ ಪದ. ಸಿಮಿಟರ್ (ಬಾಗಿದ ಕತ್ತಿ), ಡ್ಯಾಗರ್, ಸಿಕಲ್, ಲೈಟ್ ಹ್ಯಾಮರ್ ಈ ನಾಲ್ಕಕ್ಕೆ ಈ ಗುಣವಿದೆ. ಎಡಗೈ ಏಟು ಇನ್ನು ಬೋನಸ್ ಆಕ್ಷನ್ ಕೇಳುವುದಿಲ್ಲ, ಆಕ್ಷನ್ ಒಳಗೇ ಮುಗಿಯುತ್ತದೆ. ಬಚ್ಚಲುಮನೆ ಖಾಲಿ! ಮೊದಲ ಸರದಿಯಲ್ಲೇ ಮಾರ್ಕ್ ಹಾಕಿ, ಮೂರು ಏಟೂ ಹೊಡೆದು, ಎಲ್ಲ ತಗುಲಿದರೆ 33. ಐದನೇ ಲೆವೆಲ್‌ಗೆ ದಿನಕ್ಕೆ ಮೂರು ಮಾರ್ಕ್ ಪುಕ್ಕಟೆ ಬೇರೆ.

ಬಲಗೈಯಲ್ಲಿ ಶಾರ್ಟ್‌ಸ್ವೋರ್ಡ್ ಇರಲಿ. ಅದರ ಗುಣ ವೆಕ್ಸ್: ಏಟು ತಗುಲಿದರೆ ಅದೇ ಶತ್ರುವಿನ ಮೇಲೆ ಮುಂದಿನ ಏಟಿಗೆ ಅಡ್ವಾಂಟೇಜ್, ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಇಲ್ಲಿ ಕ್ರಮ ಮುಖ್ಯ. ಶಾರ್ಟ್‌ಸ್ವೋರ್ಡ್, ಮತ್ತೆ ಶಾರ್ಟ್‌ಸ್ವೋರ್ಡ್, ಆಮೇಲೆ ಸಿಮಿಟರ್. ಸಿಮಿಟರನ್ನು ನಡುವೆ ತಂದರೆ ಸರಪಳಿ ಅಲ್ಲೇ ಕಡಿಯುತ್ತದೆ, ಅದಕ್ಕೆ ವೆಕ್ಸ್ ಇಲ್ಲ.

ಡ್ಯುಯಲ್ ವೀಲ್ಡರ್ ಈಗ ನಿಜಕ್ಕೂ ತೆಗೆದುಕೊಳ್ಳುವಂಥದ್ದು. ಡೆಕ್ಸ್ 18 ಮಾಡಿಕೊಡುತ್ತದೆ, ಬೋನಸ್ ಆಕ್ಷನ್‌ನಲ್ಲಿ ನಾಲ್ಕನೇ ಏಟು ಕೊಡುತ್ತದೆ. ಆ ಏಟಿಗೆ ಡೆಕ್ಸ್ ಸೇರಬೇಕೋ ಬೇಡವೋ ಅಂತ ಅರ್ಧ ಗಂಟೆ ಜಗಳವಾಡಿದೆವು. ಡಬ್ಲಿನ್‌ನವನು ಪುಸ್ತಕದ ಸಾಲು ಓದಿದ, ಪುಣೆಯವನು ಅದೇ ಸಾಲನ್ನು ಉಲ್ಟಾ ಓದಿದ. ಕೊನೆಗೆ ಡಿಎಂ "ಸೇರಿಸ್ಕೋ ಹೋಗು, ನಿದ್ದೆ ಬರ್ತಿದೆ" ಅಂದ.

ರೇಂಜರ್ ಒಳಗೆ ಆರಿಸಿಕೊಂಡ ಉಪವರ್ಗ ಹಂಟರ್, ಅದರಲ್ಲಿ ಕಲಾಸಸ್ ಸ್ಲೇಯರ್ ಎಂಬ ಶಕ್ತಿ. ಆಗಲೇ ಗಾಯವಾದ ಶತ್ರುವಿಗೆ ಸರದಿಗೊಮ್ಮೆ ಹೆಚ್ಚಿನ ಡಿ8. ಸರದಿಗೊಮ್ಮೆ ಎನ್ನುವುದೇ ಎರಡು ಕತ್ತಿಗೆ ಹೊಂದುವ ವಿಷಯ, ಒಂದು ಏಟು ತಗುಲಿದರೂ ಸಾಕು. ಏಟು ತಗುಲುವ ಸಾಧ್ಯತೆ 65% ಅಂದರೆ ಎರಡೂ ತಪ್ಪುವುದು ಸುಮಾರು 12%, ಮೂರೂ ತಪ್ಪುವುದು ಬರೀ 4%. ಹಂಟರ್ ಬದಲು ತೋಳ ಸಾಕುವ ಉಪವರ್ಗ ತಗೋ ಅಂತ ಎಲ್ಲರೂ ಹೇಳಿದರು. ತೋಳಕ್ಕೆ ಅಪ್ಪಣೆ ಕೊಡಲೂ ಬೋನಸ್ ಆಕ್ಷನ್ನೇ ಬೇಕು, ಇಲ್ಲವೇ ನನ್ನದೊಂದು ಏಟು ಬಿಡಬೇಕು. ಬೇಡಪ್ಪ.

ಹಳೆಯ ಕಷ್ಟ ಒಂದು ಉಳಿದಿದೆ. ಮಾರ್ಕ್ ನಿಲ್ಲಬೇಕಾದರೆ ಏಕಾಗ್ರತೆ ಬೇಕು, ಕೆಂಚ ನಿಲ್ಲುವುದು ಟ್ರೋಲ್‌ನ ಮೂಗಿನ ಕೆಳಗೆ. ಪೆಟ್ಟು ಬಿದ್ದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಿ ಒಟ್ಟು ಕಡಿಮೆ ಅಂದರೂ 10 ಬರಬೇಕು, ದಾಳಕ್ಕೆ ನನ್ನದು ಸೇರುವುದು 2 ಮಾತ್ರ. ಎರಡು ಪೆಟ್ಟು ತಿಂದರೆ ಮಾರ್ಕ್ ಉಳಿಯುವ ಸಾಧ್ಯತೆ ಹೆಚ್ಚೆಂದರೆ 42%. ಎಂಟನೇ ಲೆವೆಲ್‌ಗೆ ರೆಸಿಲಿಯಂಟ್ ಎಂಬ ಫೀಟ್ ತೆಗೆದುಕೊಂಡು ಇದನ್ನು ಗಟ್ಟಿ ಮಾಡಿಕೊಳ್ಳುವ ಯೋಚನೆ ಇದೆ. ಬೆನ್ನಿಗೆ ಲಾಂಗ್‌ಬೋ (ಉದ್ದ ಬಿಲ್ಲು) ಯಾವಾಗಲೂ ಇರಲಿ. ವೈವರ್ನ್ ಎಂಬ ರೆಕ್ಕೆಯ ಡ್ರ್ಯಾಗನ್ ತಲೆ ಮೇಲೆ ಹಾರುವಾಗ ಎರಡು ಕತ್ತಿ ಹಿಡಿದು ಕೆಳಗೆ ನಿಂತ ಅನುಭವ ನನಗಿದೆ.

ಹೋದ ಭಾನುವಾರ ಒಂದು ಸಂತೆಗೆ ಬಂದೆವು. ಮೂಲೆಯಲ್ಲಿ ಗಾಬ್ಲಿನ್ ಒಬ್ಬ ಹಳೆ ಸಾಮಾನು ಹರಡಿಕೊಂಡು ಕೂತಿದ್ದ. ಅದರಲ್ಲೊಂದು ಶಾರ್ಟ್‌ಸ್ವೋರ್ಡ್, ಹಿಡಿಯ ಮೇಲೆ ಪಾಚಿ. ಹೊಸದಕ್ಕೆ ಪುಸ್ತಕದಲ್ಲಿ 10 ಚಿನ್ನದ ನಾಣ್ಯ, ಅವನು 40 ಹೇಳಿದ. ನನ್ನ ಕರಿಸ್ಮಾ 8. ಚೌಕಾಸಿ ಈ ವಾರಕ್ಕೆ ಮುಂದುವರಿದಿದೆ.