ಕ್ಯಾಶ್‌ಬ್ಯಾಕ್ ಕಾರ್ಡ್ ತಗೊಂಡ್ರೆ ಲಾಭವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಶಿರಸಿಯಲ್ಲಿ ಹತ್ತು-ಹದಿನೈದು ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಹಾಗಾಗಿ ದುಡ್ಡಿನ ವಿಷಯ ಬಂದ ಕೂಡಲೇ ಪರಿಚಯದವರಿಗೆಲ್ಲ ನನ್ನ ನೆನಪಾಗುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದ ಎಲೆಯವರು ಕೇಳುತ್ತಾರೆ, "ಅಕ್ಕಾ, ಆ ಐದು ಪರ್ಸೆಂಟ್ ಕ್ಯಾಶ್‌ಬ್ಯಾಕ್ ಕಾರ್ಡ್ ಇದ್ದಲ, ತಗಂಡ್ರೆ ಅಡ್ಡಿಲ್ಯಾ?" ಖರ್ಚು ಮಾಡಿದ ದುಡ್ಡಿನಲ್ಲಿ ಒಂದು ಪಾಲನ್ನು ವಾಪಸ್ ಕೊಡುವ ಕ್ರೆಡಿಟ್ ಕಾರ್ಡಿನ ಮಾತು ಇದು. ಈ ವರ್ಷ ಎಷ್ಟು ಜನ ಕೇಳಿದರೋ ಲೆಕ್ಕ ಇಟ್ಟಿಲ್ಲ. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನಿಸಿತು.

ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ. ನಿಮಗೆ ದುಡ್ಡು ತಿಂಗಳಿಗೊಮ್ಮೆ ಬರುತ್ತದಾ, ವರ್ಷಕ್ಕೊಮ್ಮೆ ಬರುತ್ತದಾ? ಬೆಂಗಳೂರಿನಲ್ಲಿ ಕೂತು ಕಾರ್ಡಿನ ಬಗ್ಗೆ ವಿಡಿಯೋ ಮಾಡುವವರು ಈ ಮಾತು ಎತ್ತುವುದೇ ಇಲ್ಲ. ಅವರಿಗೆ ಒಂದನೇ ತಾರೀಕು ಸಂಬಳ ಬೀಳುತ್ತದೆ. ನಮ್ಮಲ್ಲಿ ಅರ್ಧ ಜನರಿಗೆ ದುಡ್ಡು ಬರುವುದು ಅಡಿಕೆ ಕೊನೆ ಕೊಯ್ದು, ಒಂದೂವರೆ ತಿಂಗಳು ಒಣಗಿಸಿ, ಸುಲಿದು, ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾಡಿ, ಮಾರಲು ಸೊಸೈಟಿಗೆ ಹಾಕಿದ ಮೇಲೆ. ಕಾರ್ಡಿನ ಬಿಲ್ಲಿಗೆ ಇದೆಲ್ಲ ಗೊತ್ತಿಲ್ಲ. ಅದು ಪ್ರತಿ ತಿಂಗಳೂ ಬರುತ್ತದೆ.

ಮೊದಲು ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಕಾರ್ಡ್ ತಗೊಳ್ಳುವ ಮುಂಚೆ ನಾನು ಮೂರು ತಿಂಗಳ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಿಂಗಳಿಗೆ ಸುಮಾರು 32 ಸಾವಿರ ರೂಪಾಯಿ. ಕೇಳಿದರೆ ದೊಡ್ಡ ಮೊತ್ತವೇ, ಇದರ ಐದು ಪರ್ಸೆಂಟ್ ಅಂದರೆ 1,600 ಬಂತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಹಾಲು ಪಕ್ಕದ ಮನೆಯಿಂದ ಬರುತ್ತದೆ, ತಿಂಗಳ ಕೊನೆಗೆ ಕೈಗೆ ನಗದು. ತರಕಾರಿ ಸಂತೆಯದು. ನಾನು ಕುಮಟಾದವಳು, ಮೀನು ಬಿಟ್ಟು ಇರಲಾರೆ, ಘಟ್ಟ ಹತ್ತಿ ಬರುವ ಮೀನಿಗೆ ಕಾರ್ಡ್ ಯಾರು ತಗೊಳ್ಳುತ್ತಾರೆ? ಕರೆಂಟ್ ಬಿಲ್ ಗೃಹಜ್ಯೋತಿ ಬಂದ ಮೇಲೆ ಸೊನ್ನೆ. ಎಲ್‌ಐಸಿ ಕಂತು, ಮಕ್ಕಳ ಫೀಸು, ಮನೆ ಬಾಡಿಗೆ, ಪೆಟ್ರೋಲು, ಇವಕ್ಕೆಲ್ಲ ಬಹಳಷ್ಟು ಕಾರ್ಡುಗಳು ಕ್ಯಾಶ್‌ಬ್ಯಾಕ್ ಕೊಡುವುದೇ ಇಲ್ಲ. ಆ ಪಟ್ಟಿ ಕಾರ್ಡಿನಿಂದ ಕಾರ್ಡಿಗೆ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಇರುವುದು ಐದು. ಕೆಳಗೆ ಸಣ್ಣ ಅಕ್ಷರದಲ್ಲಿರುವುದು ಈ ಪಟ್ಟಿ.

ಇದೆಲ್ಲ ಕಳೆದ ಮೇಲೆ ಉಳಿದದ್ದು ತಿಂಗಳಿಗೆ 10 ಸಾವಿರ. ಅದರಲ್ಲಿ ಆನ್‌ಲೈನ್ ಖರೀದಿ 4 ಸಾವಿರ, ಅಂಗಡಿಯಲ್ಲಿ ಕಾರ್ಡ್ ಉಜ್ಜಬಹುದಾದದ್ದು 6 ಸಾವಿರ. ಆನ್‌ಲೈನಿಗೆ ಐದು, ಉಳಿದದ್ದಕ್ಕೆ ಒಂದು ಪರ್ಸೆಂಟ್ ಕೊಡುವ ಕಾರ್ಡ್ ಅಂತ ಇಟ್ಟುಕೊಳ್ಳಿ. 200 ಮತ್ತು 60, ಸೇರಿ 260. ವರ್ಷಕ್ಕೆ 3,120. ಇಂಥ ಕಾರ್ಡಿಗೆ ವರ್ಷದ ಫೀ 999 ಇದ್ದರೆ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,179 ಆಗುತ್ತದೆ. ಕೈಗೆ ಉಳಿಯುವುದು 1,941. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಫೀ ಮಾಫಿ ಅನ್ನುತ್ತಾರೆ. ನಮ್ಮದು 1 ಲಕ್ಷದ 20 ಸಾವಿರ. ಉಳಿದ 80 ಸಾವಿರ ತುಂಬಿಸೋಣ ಅಂತ ಹೊರಟರೆ, 1,179 ಉಳಿಸಲು ಬೇಡದ ಸಾಮಾನು ಮನೆಗೆ ಬರುತ್ತದೆ.

ಈಗ ಫೀ ಇಲ್ಲದ ಕಾರ್ಡ್ ನೋಡಿ. ಜೀವನಪೂರ್ತಿ ಉಚಿತ, ಒಂದು ನಿರ್ದಿಷ್ಟ ಆನ್‌ಲೈನ್ ಅಂಗಡಿಗೆ ಮಾತ್ರ ಐದು ಪರ್ಸೆಂಟ್, ಬೇರೆ ಕಡೆ ಒಂದು, ಇಂಥವೂ ಇವೆ. ನಮ್ಮ 4 ಸಾವಿರದಲ್ಲಿ 2,500 ಆ ಅಂಗಡಿಯದೇ. ಅದಕ್ಕೆ 125, ಉಳಿದ 7,500ಕ್ಕೆ 75. ತಿಂಗಳಿಗೆ 200, ವರ್ಷಕ್ಕೆ 2,400. ನೋಡಿದ್ರಾ? ಕಡಿಮೆ ಕೊಡುವ ಕಾರ್ಡೇ ನಮ್ಮ ಮನೆಗೆ ಜಾಸ್ತಿ ಕೊಟ್ಟಿತು. ಹಾಗಾಗಿ ನಾನು ಅದನ್ನೇ ತಗೊಂಡೆ.

ಕಾರವಾರದ ನನ್ನ ಚಿಕ್ಕಮ್ಮನ ಮಗಳ ಲೆಕ್ಕ ಪೂರ್ತಿ ಬೇರೆ. ಗಂಡ ಕೈಗಾದಲ್ಲಿ ನೌಕರಿ, ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಮನೆ. ಪೇಟೆಗೆ ಬರಬೇಕೆಂದರೆ ದೂರ, ಮಗುವಿನ ಡೈಪರಿನಿಂದ ಹಿಡಿದು ಅಡುಗೆ ಪಾತ್ರೆಯವರೆಗೆ ಎಲ್ಲವೂ ಆನ್‌ಲೈನ್. ತಿಂಗಳಿಗೆ 15 ಸಾವಿರ ಅದಕ್ಕೇ ಹೋಗುತ್ತದೆ, ಮೇಲೆ ಇನ್ನೊಂದು 5 ಸಾವಿರ ಅಂಗಡಿಗಳಲ್ಲಿ. ವರ್ಷಕ್ಕೆ 2 ಲಕ್ಷ 40 ಸಾವಿರ ಆಯಿತು, ಅಂದರೆ ಫೀ ಮಾಫಿ. ಕ್ಯಾಶ್‌ಬ್ಯಾಕ್ 9,600. ಸಂಬಳ ತಪ್ಪದೆ ಬರುತ್ತದೆ, ಬಿಲ್ಲು ತಪ್ಪದೆ ಹೋಗುತ್ತದೆ. ಅವಳಿಗೆ ನಾನೇ "ತಗೊಳ್ಳೇ, ಯೋಚನೆ ಮಾಡಬೇಡ" ಅಂದೆ. (ಅವಳ ಮನೆಯಲ್ಲಿ ಪೆಟ್ರೋಲ್ ಹಾಕಿಸಲು ಮಾತ್ರ ಕಾರ್ಡ್ ಬೇಕಿಲ್ಲ. ಕಾರವಾರದ ಎಷ್ಟೋ ಜನರ ಹಾಗೆ ಅವರೂ ಗಡಿ ದಾಟಿ ಗೋವಾ ಕಡೆಯ ಬಂಕಿನಲ್ಲಿ ಹಾಕಿಸುತ್ತಾರೆ. ಅಲ್ಲಿ ಲೀಟರಿಗೆ ಕಡಿಮೆಯಾಗುವ ದುಡ್ಡು ಯಾವ ಕಾರ್ಡಿನಿಂದಲೂ ಬರುವುದಿಲ್ಲ.)

ಇನ್ನು ತೋಟದವರ ಮಾತು. ನಮಗೆ ತುಂಬ ಬೇಕಾದವರೊಬ್ಬರು, ಶಿರಸಿಯಿಂದ ಹತ್ತು ಕಿಲೋಮೀಟರ್ ಒಳಗೆ ತೋಟ. ಮಗ ಬೆಂಗಳೂರಿನಿಂದ ಬಂದಾಗ ಕಾರ್ಡ್ ಮಾಡಿಸಿಕೊಟ್ಟು ಹೋಗಿದ್ದ. ಆಗಸ್ಟಿನಲ್ಲಿ ಅವರು ಕಳೆ ಹೊಡೆಯುವ ಮಷಿನ್ ತರಿಸಿದರು, 30 ಸಾವಿರ. ಕ್ಯಾಶ್‌ಬ್ಯಾಕ್ 1,500 ಸಿಕ್ಕಿತು, ಖುಷಿಯಾದರು. ಹಳೇ ಚಾಲಿ ಅಟ್ಟದ ಮೇಲಿತ್ತು, ದರ ಸ್ವಲ್ಪ ಏರಿದ ಕೂಡಲೇ ಹಾಕಿ ಬಿಲ್ಲು ತೀರಿಸಿದರಾಯಿತು ಅಂತ ಅವರ ಲೆಕ್ಕ. ದರ ಏರಲಿಲ್ಲ. ಇಳಿದ ದರಕ್ಕೆ ಕೊಡಲು ಮನಸ್ಸೂ ಆಗಲಿಲ್ಲ. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ 1,500" ಅಂತ ಇತ್ತು. ಅದನ್ನು ಕಟ್ಟಿದರು. ಇಷ್ಟು ಕಟ್ಟಿದರೆ ಸಾಕು ಅಂತ ಬ್ಯಾಂಕೇ ಹೇಳಿದೆಯಲ್ಲ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಆ ಕನಿಷ್ಠ ಮೊತ್ತ ಕಟ್ಟಿದರೆ ತಡವಾದದ್ದಕ್ಕೆ ದಂಡ ಬೀಳುವುದಿಲ್ಲ, ಅಷ್ಟೇ. ಬಡ್ಡಿ ಬಿದ್ದೇ ಬೀಳುತ್ತದೆ. ಅದೂ ಬಿಲ್ಲು ಕಟ್ಟಬೇಕಾದ ದಿನದಿಂದ ಅಲ್ಲ, ಖರೀದಿ ಮಾಡಿದ ದಿನದಿಂದ. ತಿಂಗಳಿಗೆ ಶೇ. 3.5 ಅಂದರೆ ವರ್ಷಕ್ಕೆ ಶೇ. 42. 30 ಸಾವಿರಕ್ಕೆ ದಿನಕ್ಕೆ ಮೂವತ್ತನಾಲ್ಕೂವರೆ ರೂಪಾಯಿ. ಬಿಲ್ ಸೈಕಲ್ಲಿನ (ಒಂದು ಬಿಲ್ಲಿನಿಂದ ಮುಂದಿನ ಬಿಲ್ಲಿನವರೆಗಿನ ತಿಂಗಳು) ಮೊದಲ ದಿನ ಖರೀದಿ ಮಾಡಿ, 50ನೇ ದಿನ 1,500 ಕಟ್ಟಿದರೆ, 60ನೇ ದಿನ ಬರುವ ಮುಂದಿನ ಬಿಲ್ಲಿನಲ್ಲಿ ಬಡ್ಡಿ 2,054. ಅದರ ಮೇಲೆ ಜಿಎಸ್‌ಟಿ 370. ಒಟ್ಟು 2,424. ನಮ್ಮ ಮನೆಯ ಇಡೀ ವರ್ಷದ ಕ್ಯಾಶ್‌ಬ್ಯಾಕಿಗಿಂತ ಜಾಸ್ತಿ, ಒಂದೇ ಬಿಲ್ಲಿನಲ್ಲಿ! ಇನ್ನೊಂದು ಏಟೂ ಇದೆ. ಹಳೇ ಬಾಕಿ ಉಳಿದಿರುವಾಗ ಹೊಸದಾಗಿ ಏನು ತಗೊಂಡರೂ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಬಡ್ಡಿಯಿಲ್ಲದ 45-50 ದಿನ ಅನ್ನುವುದು ಪೂರ್ತಿ ಕಟ್ಟುವವರಿಗೆ ಮಾತ್ರ.

ನಾಲ್ಕು ತಿಂಗಳು ಅವರು ಹೀಗೇ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರು. ಬಡ್ಡಿ ಆರು ಸಾವಿರ ದಾಟಿತು. ಕಾಗದ ಹಿಡಿದು ನನ್ನ ಹತ್ತಿರ ಬಂದಾಗ ಅವರ ಮುಖ ನೋಡಿ ಸಂಕಟವಾಯಿತು. ಜೀವನದಲ್ಲಿ ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವರಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ, ಅಡಿಕೆ ಹಾಕಿದ ವಾರವೇ ತೀರಿಸುತ್ತಾರೆ. ಅಂಗಡಿಯವರೂ ಬಡ್ಡಿ ಕೇಳಿದವರಲ್ಲ, ಯಾಕೆಂದರೆ ಅವರಿಗೆ ಇವರ ತೋಟ ಗೊತ್ತು, ಕೊಳೆ ರೋಗ ಬಂದ ವರ್ಷ ಗೊತ್ತು. ಕಾರ್ಡನ್ನೂ ಇವರು ಉದ್ರಿ ಪುಸ್ತಕದ ಹಾಗೇ ತಿಳಿದಿದ್ದರು. ಅಲ್ಲೇ ಎಡವಿದ್ದು. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಬಡ್ಡಿಯೇ ಇಲ್ಲದ ಬೆಳೆ ಸಾಲ ಸಂಘದಲ್ಲಿ ಸಿಗುವ ಊರಿನಲ್ಲಿ ನಲವತ್ತೆರಡು ಪರ್ಸೆಂಟಿನ ಸಾಲ ಯಾಕೆ ಬೇಕು ಹೇಳಿ. ಈ ಬಡ್ಡಿಗೆ ಒಂದು ಮಿತಿ ಇದೆ ಅಂತಲೂ ನಂಬಬೇಡಿ. ಶೇ. 30ಕ್ಕಿಂತ ಜಾಸ್ತಿ ತಗೊಳ್ಳುವುದು ತಪ್ಪು ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

"ಹಾಗಾದ್ರೆ ಬ್ಯಾಂಕಿನವರು ಈ ಕ್ಯಾಶ್‌ಬ್ಯಾಕ್ ಎಲ್ಲಿಂದ ಕೊಡ್ತಾರೆ?" ಇದನ್ನು ಕೇಳುವವರು ಕಡಿಮೆ, ಆದರೆ ನನಗೆ ಮುಖ್ಯ ಅನಿಸುವುದು ಇದೇ. ಒಂದು ಪಾಲು ಈಗ ಹೇಳಿದಂಥ ಬಡ್ಡಿಯಿಂದ ಬರುತ್ತದೆ. ಇನ್ನೊಂದು ಪಾಲು ಅಂಗಡಿಯವರಿಂದ. ನಾನು ಅಂಗಡಿಗಳ ಲೆಕ್ಕ ಬರೆಯುವುದರಿಂದ ದಿನಾ ನೋಡುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಸಾವಿರ ರೂಪಾಯಿ ವ್ಯಾಪಾರ ಆದರೆ ಅಂಗಡಿಯ ಖಾತೆಗೆ ಸಾವಿರ ಬರುವುದಿಲ್ಲ, ಇಪ್ಪತ್ತು ರೂಪಾಯಿ ಆಸುಪಾಸು ಕಡಿಮೆ ಬರುತ್ತದೆ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಸಾವಿರಕ್ಕೆ ಸಾವಿರ. ಔಷಧಿ ಅಂಗಡಿಯಲ್ಲಿ ನನಗೆ ಹತ್ತು ರೂಪಾಯಿ ಸಿಗಲಿ ಅಂತ ಕಾರ್ಡ್ ಉಜ್ಜಿದರೆ ಪರಿಚಯದ ಆ ಅಂಗಡಿಯವರ ಇಪ್ಪತ್ತು ಹೋಗುತ್ತದೆ. ಇದು ಗೊತ್ತಾದ ಮೇಲೆ ಊರಿನ ಸಣ್ಣ ಅಂಗಡಿಗಳಲ್ಲಿ ನಾನು ಕಾರ್ಡ್ ತೆಗೆಯುವುದನ್ನು ಬಿಟ್ಟೆ. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ಮಾತ್ರ ಬಳಸುತ್ತೇನೆ. ವರ್ಷಕ್ಕೆ ಕೆಲವು ನೂರು ಕಡಿಮೆಯಾಯಿತು, ಆಗಲಿ.

ಕೆಲವು ಅಂಗಡಿಯವರು ಆ ಎರಡು ಪರ್ಸೆಂಟನ್ನು ಗಿರಾಕಿಯ ತಲೆಗೇ ಹಾಕುತ್ತಾರೆ. "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ" ಅನ್ನುತ್ತಾರೆ. ಅಲ್ಲಿ ಒಂದು ಪರ್ಸೆಂಟ್ ಕ್ಯಾಶ್‌ಬ್ಯಾಕ್ ತಗೊಂಡು ಎರಡು ಕೊಟ್ಟು ಬಂದಿರುತ್ತೀರಿ. ಫ್ರಿಜ್ಜು, ಟಿವಿ ತಗೊಳ್ಳುವಾಗ ಮೊದಲು ನಗದಿನ ದರ ಕೇಳಿ, ಆಮೇಲೆ ಕಾರ್ಡಿನ ಮಾತು.

ರುಪೇ ಕ್ರೆಡಿಟ್ ಕಾರ್ಡನ್ನು ಫೋನಿನಲ್ಲಿ ಯುಪಿಐಗೆ ಜೋಡಿಸಬಹುದು, 2022ರಿಂದ ಈ ಸೌಲಭ್ಯ ಇದೆ. ಕ್ಯೂಆರ್ ಇದ್ದಲ್ಲೆಲ್ಲ ನಡೆಯುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಅಂಗಡಿಯ ಹೆಸರಿನ ಕ್ಯೂಆರ್ ಇರಬೇಕು. ಕುಮಟಾ ಮೀನುಪೇಟೆಯಲ್ಲಿ ಬುಟ್ಟಿಯ ಪಕ್ಕ ಇಟ್ಟಿರುವ ಕ್ಯೂಆರ್ ಎಷ್ಟೋ ಸಲ ಮಗನ ಸ್ವಂತ ಖಾತೆಯದು, ಅದಕ್ಕೆ ಕ್ರೆಡಿಟ್ ಕಾರ್ಡಿನಿಂದ ದುಡ್ಡು ಹೋಗುವುದಿಲ್ಲ. ಮತ್ತೆ, ಯುಪಿಐ ಮೂಲಕ ಕೊಟ್ಟದ್ದಕ್ಕೆ ಕ್ಯಾಶ್‌ಬ್ಯಾಕ್ ಕೊಡದ ಕಾರ್ಡುಗಳೂ ಇವೆ. ತಗೊಳ್ಳುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ. ಎಟಿಎಮ್ಮಿನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ, ಶುಲ್ಕವೂ ಬೀಳುತ್ತದೆ, ಬಡ್ಡಿ ಅವತ್ತಿನಿಂದಲೇ ಶುರು.

ತಗೊಂಡೇ ತಗೊಳ್ಳುತ್ತೇನೆ ಅನ್ನುವವರಿಗೆ ಎರಡು ಕೆಲಸ ಹೇಳುತ್ತೇನೆ. ಕಾರ್ಡ್ ಬಂದ ದಿನವೇ ಬ್ಯಾಂಕ್ ಖಾತೆಯಿಂದ ಬಿಲ್ಲು ತಾನಾಗಿ ಕಟ್ಟಿಹೋಗುವಂತೆ ಮಾಡಿ, ಅಲ್ಲಿ "ಪೂರ್ತಿ ಮೊತ್ತ" ಅನ್ನುವುದನ್ನೇ ಆರಿಸಿ. "ಕನಿಷ್ಠ ಮೊತ್ತ" ಅನ್ನುವುದೂ ಪಕ್ಕದಲ್ಲೇ ಇರುತ್ತದೆ, ಬೆರಳು ಅಲ್ಲಿಗೆ ಹೋಗಬಾರದು. ಆಮೇಲೆ ಬಿಲ್ಲಿನ ತಾರೀಕು. ಸಂಬಳ ಬಂದ ಒಂದೆರಡು ದಿನಕ್ಕೆ ಕಟ್ಟುವ ದಿನ ಬರುವಂತೆ ಬಿಲ್ಲಿನ ಸೈಕಲ್ ಬದಲಿಸಿಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅದಕ್ಕೆ ಅವಕಾಶ ಇದೆ.

ಬೇಡ ಅಂದರೂ ತಲೆಗೆ ಕಟ್ಟುವವರ ವಿಷಯ ಇನ್ನೊಂದು. ನಮ್ಮ ಮಾವನವರಿಗೆ ಕೇಳದೇ ಒಂದು ಕಾರ್ಡ್ ಅಂಚೆಯಲ್ಲಿ ಬಂತು. ಎರಡು ದಿನ ಬಿಟ್ಟು ಫೋನು, "ಸರ್, ಒಟಿಪಿ ಹೇಳಿ, ಕಾರ್ಡ್ ಚಾಲೂ ಮಾಡ್ತೇವೆ." ಪುಣ್ಯಕ್ಕೆ ಅವರು ಫೋನನ್ನು ನನ್ನ ಕೈಗೆ ಕೊಟ್ಟರು. ಕೇಳದವರಿಗೆ ಕಾರ್ಡ್ ಕೊಡುವಂತಿಲ್ಲ, ಅದೂ ರಿಸರ್ವ್ ಬ್ಯಾಂಕಿನದೇ ನಿಯಮ. ಹಾಗೆ ಕೊಟ್ಟು ಬಿಲ್ಲೂ ಹಾಕಿದರೆ, ಆ ದುಡ್ಡು ವಾಪಸ್ ಮಾಡುವುದಲ್ಲದೆ ಅದರ ಎರಡರಷ್ಟು ದಂಡವನ್ನೂ ಬ್ಯಾಂಕು ಕೊಡಬೇಕು. ಇರುವ ಕಾರ್ಡನ್ನು ಮುಚ್ಚಿ ಅಂತ ನೀವು ಕೇಳಿದರೆ, ಬಾಕಿ ಇಲ್ಲದಿದ್ದಲ್ಲಿ ಏಳು ಕೆಲಸದ ದಿನಗಳ ಒಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು. ಫೋನಿನಲ್ಲಿ ಈ ನಿಯಮ ಹೇಳಿದ ಕೂಡಲೇ ಆ ಕಡೆಯ ಹುಡುಗಿ "ಆಯ್ತು ಮೇಡಂ" ಅಂದು ಇಟ್ಟಳು. ಮಾವನವರ ಕಾರ್ಡ್ ಚಾಲೂ ಆಗಲೇ ಇಲ್ಲ.

ಆ ತೋಟದವರು ಡಿಸೆಂಬರಿನಲ್ಲಿ ಎರಡು ಚೀಲ ಚಾಲಿ ಹಾಕಿ ಬಾಕಿ ಪೂರ್ತಿ ತೀರಿಸಿದರು. ಕಾರ್ಡ್ ಮುಚ್ಚುವ ಅರ್ಜಿಯನ್ನು ನಾನೇ ಬರೆದುಕೊಟ್ಟೆ, ಐದನೇ ದಿನಕ್ಕೆ ಮುಚ್ಚಿದ ಮೆಸೇಜು ಬಂತು. ಮಷಿನ್ ಮಾತ್ರ ಚೆನ್ನಾಗಿದೆಯಂತೆ. ಹೋದ ವಾರ ಸಿದ್ದಾಪುರದ ಕಡೆಯ ಮೇಷ್ಟ್ರೊಬ್ಬರು ಇದೇ ಪ್ರಶ್ನೆ ಹಿಡಿದು ಬಂದರು. ಅವರಿಗೂ ಅದನ್ನೇ ಹೇಳಿದ್ದೇನೆ. ಮೂರು ತಿಂಗಳ ಖರ್ಚು ಬರೆದು ತನ್ನಿ ಸರ್, ಆಮೇಲೆ ಒಟ್ಟಿಗೆ ಕೂತು ಕೂಡೋಣ.